ಹತ್ತದ ಚಿಮಣಿ, ಬರೆದ ಸಂಖ್ಯೆ

(ಉಧ್ನಾದ ಕನ್ನಡ ಜೈನ ಕುಟುಂಬಗಳ ಕೂಟವೊಂದರಲ್ಲಿ, ಪದವಿ ಮುಗಿಸಲಿರುವ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಈ ಭಾಷಣಕ್ಕೆ ನಾನು ಒಪ್ಪಿಕೊಂಡ ಮೇಲೆ ಮೂವರು ತಂದೆಯರು ಬೇರೆಬೇರೆಯಾಗಿ ನನ್ನನ್ನು ಕಂಡರು. ಮೂವರ ಪ್ರಶ್ನೆಯೂ ಒಂದೇ ಆಗಿತ್ತು: "ಮಕ್ಕಳು ಮುಂದೆ ಏನು ಓದಿದರೆ ಕೆಲಸ ಖಾತ್ರಿ, ಹೇಳಿ." ಅದಕ್ಕೆ ಉತ್ತರವನ್ನು ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದಕ್ಕೂ ಮೊದಲು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನನ್ನ ಮನೆಯವರಿಗಲ್ಲದೆ ಬೇರೆ ಯಾರಿಗೂ ಹೇಳದ ಸಂಗತಿಯೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅದನ್ನು ಬಿಟ್ಟು ಉಪದೇಶ ಮಾಡುವುದಕ್ಕೆ ನನಗೆ ನಾಲಿಗೆ ಏಳುವುದಿಲ್ಲ.

ಬೆಳಗಾವಿ ಜಿಲ್ಲೆಯಿಂದ ಪದವಿ ಹಿಡಿದು ನಾನು ಈ ಊರಿಗೆ ಬಂದಾಗ ಹೊಗೆ ಅಳೆಯುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳಿಗೆ ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಕಲ್ಲಿದ್ದಲು. ಆ ಬಾಯ್ಲರಿನ ಚಿಮಣಿಯನ್ನು ಹತ್ತಿ, ನಡುವಿನ ಕಿಂಡಿಯೊಳಗೆ ನಳಿಕೆಯನ್ನು ತೂರಿಸಿ, ಹೊಗೆಯನ್ನು ಎಳೆದು, ಅದರಲ್ಲಿರುವ ಧೂಳನ್ನು ಗಾಜಿನ ನಾರಿನ ಪುಟ್ಟ ಕೊಳವೆಯೊಂದರಲ್ಲಿ ಹಿಡಿಯಬೇಕು. ಆ ಕೊಳವೆಗೆ ಥಿಂಬಲ್ ಎನ್ನುತ್ತಾರೆ. ಮೊದಲು ಒಂದು ತೂಕ, ಹೊಗೆ ಕುಡಿದ ಮೇಲೆ ಒಣಗಿಸಿ ಮತ್ತೊಂದು ತೂಕ; ಎರಡರ ಅಂತರವೇ ಧೂಳು. ಕಾನೂನಿನ ಮಿತಿ ಒಂದು ಘನ ಮೀಟರ್ ಹೊಗೆಯಲ್ಲಿ 150 ಮಿಲಿಗ್ರಾಂ.

ಒಂದು ಬೇಸಿಗೆಯ ಮಧ್ಯಾಹ್ನ ನಾನು ಏಣಿಗೆ ಕೈಯಿಟ್ಟಾಗ ನಮ್ಮ ಮೇಲಧಿಕಾರಿ ಕೆಳಗಿನಿಂದ ಕರೆದರು. "ಯಾಕೆ ಸುಮ್ಮನೆ ಬಿಸಿಲಲ್ಲಿ ಹತ್ತುತ್ತೀ? ನೂರಾ ಮೂವತ್ತೆಂಟು ಎಂದು ಬರಿ." ನಾನು ಬರೆದೆ. ಸಹಿಯನ್ನೂ ಹಾಕಿದೆ. ಆ ಚಿಮಣಿ ಆ ದಿನ ಎಷ್ಟು ಉಗುಳುತ್ತಿತ್ತೆಂಬುದು ಇಂದಿಗೂ ನನಗೆ ತಿಳಿಯದು. ಅಂಥ ಸಂಖ್ಯೆಗಳನ್ನು ನಾನು ಅನಂತರವೂ ಬರೆದಿದ್ದೇನೆ, ಬಹಳ ದಿನ ಬರೆದಿದ್ದೇನೆ. ಮನೆಗೆ ಹಣ ಕಳುಹಿಸಬೇಕಾಗಿತ್ತು ಎಂಬುದು ಕಾರಣವಾಗಿತ್ತು. ಅದನ್ನು ಕಾರಣವೆಂದು ಹೇಳುತ್ತಿದ್ದೇನೆ, ಸಮರ್ಥನೆಯೆಂದು ತಿಳಿಯಬೇಡಿ.

ಇದು ನನ್ನೊಬ್ಬನ ಕಥೆಯಾಗಿರಲಿಲ್ಲವೆಂಬುದು ಮುಂದೆ ಲೋಕಕ್ಕೇ ತಿಳಿಯಿತು. ಗುಜರಾತಿನ ಉಚ್ಚ ನ್ಯಾಯಾಲಯ 1996ರಲ್ಲಿಯೇ ಒಂದು ಒಳ್ಳೆಯ ವ್ಯವಸ್ಥೆಯನ್ನು ಆದೇಶಿಸಿತ್ತು: ಮಾಲಿನ್ಯದ ಸಾಧ್ಯತೆ ಹೆಚ್ಚಿರುವ ಕಾರ್ಖಾನೆಗಳು ಪ್ರತಿವರ್ಷ ಹೊರಗಿನ ಪರಿಶೋಧಕರಿಂದ ತಪಾಸಣೆ ಮಾಡಿಸಿಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಒಪ್ಪಿಸಬೇಕು. ಆಶಯ ಚೆನ್ನಾಗಿತ್ತು. ದೋಷವಿದ್ದದ್ದು ಒಂದೇ ಕಡೆ: ಪರಿಶೋಧಕನನ್ನು ಆರಿಸುವವನೂ ಅವನಿಗೆ ಹಣ ಕೊಡುವವನೂ ಕಾರ್ಖಾನೆಯ ಮಾಲೀಕನೇ. ನಿಜವನ್ನು ಬರೆದವನಿಗೆ ಮರುವರ್ಷ ಕೆಲಸವಿಲ್ಲ.

2009ರಿಂದ 2011ರವರೆಗೆ ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಯೊಡಗೂಡಿ ಅಹಮದಾಬಾದ್ ಮತ್ತು ಸೂರತ್ ಸುತ್ತಿನ 473 ಕಾರ್ಖಾನೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಡುಫ್ಲೊ ಅವರಿಗೆ ಮುಂದೆ 2019ರಲ್ಲಿ ನೊಬೆಲ್ ಬಂದದ್ದು ನಿಮಗೆ ತಿಳಿದಿರಬಹುದು. ಹಳೆಯ ಪದ್ಧತಿಯ ಪರಿಶೋಧಕರ ವರದಿಗಳ ಪ್ರಕಾರ ಧೂಳಿನ ಮಿತಿಯನ್ನು ಮೀರಿದ ಕಾರ್ಖಾನೆಗಳು ನೂರಕ್ಕೆ 7. ಸ್ವತಂತ್ರವಾಗಿ ಮರುಅಳತೆ ಮಾಡಿದಾಗ ಕಂಡದ್ದು ನೂರಕ್ಕೆ 59. ವರದಿಗಳ ಸಂಖ್ಯೆಗಳೆಲ್ಲ 150ರ ಗೆರೆಯ ಸ್ವಲ್ಪ ಕೆಳಗೆ, ಮಳೆಗೆ ಸೂರಿನಡಿ ನಿಂತ ಕುರಿಗಳಂತೆ, ಗುಂಪುಗಟ್ಟಿ ನಿಂತಿದ್ದವು. ಅದನ್ನು ಓದಿದಾಗ ನನ್ನ ನೂರಾ ಮೂವತ್ತೆಂಟು ನೆನಪಾಗಿ ಪುಸ್ತಕವನ್ನು ಮುಚ್ಚಿಟ್ಟೆ.

ಇನ್ನೊಂದು ಗುಂಪಿನ ಕಾರ್ಖಾನೆಗಳಲ್ಲಿ ಅವರು ನಿಯಮವನ್ನು ಬದಲಿಸಿದರು. ಯಾವ ಪರಿಶೋಧಕ ಯಾವ ಕಾರ್ಖಾನೆಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಸಂಭಾವನೆಯನ್ನು ನಿಗದಿಪಡಿಸಿ ಒಂದು ಸಾಮಾನ್ಯ ನಿಧಿಯಿಂದ ಕೊಡಲಾಯಿತು. ಆಗಾಗ ಯಾರಾದರೂ ಹಿಂದಿನಿಂದ ಹೋಗಿ ಮರುಅಳತೆ ಮಾಡಿ ನೋಡುತ್ತಿದ್ದರು. ಸುಳ್ಳು ವರದಿ ತೀವ್ರವಾಗಿ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಆ ಕಾರ್ಖಾನೆಗಳು ಉಗುಳುವ ಮಾಲಿನ್ಯವೂ ಕಡಿಮೆಯಾಯಿತು. 2015ರಲ್ಲಿ ಗುಜರಾತ್ ಮಂಡಳಿಯೇ ಪರಿಶೋಧಕರನ್ನು ಚೀಟಿಯ ರೀತಿಯಲ್ಲಿ ಹಂಚುವ ನಿಯಮವನ್ನು ತಂದಿತು.

ಈಗ ಯುವಕರು ಗಮನಿಸಬೇಕು. ಆ ಸುಳ್ಳು ವರದಿಗಳನ್ನು ಬರೆದವರು ಅವಿದ್ಯಾವಂತರಾಗಿರಲಿಲ್ಲ. ತಪಾಸಣಾ ತಂಡಗಳಲ್ಲಿ ಪರಿಸರ ಎಂಜಿನಿಯರಿಂಗ್, ರಸಾಯನ ಎಂಜಿನಿಯರಿಂಗ್, ರಸಾಯನಶಾಸ್ತ್ರ ಓದಿದವರಿದ್ದರು. ನಿಯಮ ಬದಲಾದ ಮೇಲೆ ನಿಜ ಬರೆದವರೂ ಅದೇ ಪದವಿಗಳವರೇ. ತರಬೇತಿ ಎಂಬುದನ್ನು ನಾವು ಯಂತ್ರದ ಜ್ಞಾನವೆಂದಷ್ಟೇ ಹಿಡಿದರೆ ಆ ಅರ್ಧ ಯಾವತ್ತೂ ಇತ್ತು. ಇಲ್ಲದೆ ಹೋದದ್ದು ಇನ್ನರ್ಧ: ಅನ್ನ ಕೊಡುವವನ ಎದುರಿನಲ್ಲಿ ನಿಜವಾದ ಸಂಖ್ಯೆಯನ್ನು ಬರೆಯುವ ಶಕ್ತಿ, ಮತ್ತು ಹಾಗೆ ಬರೆದವನು ಬೀದಿಪಾಲಾಗದಂತೆ ನೋಡಿಕೊಳ್ಳುವ ಏರ್ಪಾಡು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ. ಚಿಕ್ಕಂದಿನಲ್ಲಿ ಬಸದಿಯ ಪಾಠಶಾಲೆಯಲ್ಲಿ ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಸುಳ್ಳು ಪತ್ರ, ಖೊಟ್ಟಿ ದಸ್ತಾವೇಜು ಎಂದು ಪಂಡಿತರು ಅರ್ಥ ಹೇಳಿದ್ದರು. ಯಾರೋ ಆಸ್ತಿಗಾಗಿ ಮಾಡುವ ಕೆಲಸವದು ಎಂದುಕೊಂಡಿದ್ದೆ. ಚಿಮಣಿಯ ಕೆಳಗೆ ಕುಳಿತು ನಾನೇ ಅದನ್ನು ಮಾಡುತ್ತಿದ್ದಾಗ ಆ ಪದ ನೆನಪಿಗೆ ಬರಲೇ ಇಲ್ಲ. ಪಾಠಶಾಲೆಯ ಪಾಠವನ್ನೂ ವೃತ್ತಿಯ ಪಾಠವನ್ನೂ ನಾವು ಎಷ್ಟು ದೂರದೂರ ಇಟ್ಟಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾಲೇಜುಗಳ ಸ್ಥಿತಿಯೂ ಭಿನ್ನವಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಕೊಟ್ಟ ಆದೇಶದ ಫಲವಾಗಿ ಪರಿಸರ ಅಧ್ಯಯನ ಪದವಿಯ ಕಡ್ಡಾಯ ವಿಷಯವಾಯಿತು. ನಮ್ಮ ಮಕ್ಕಳು ಅದರಲ್ಲಿ ಒಳ್ಳೆಯ ಅಂಕಗಳನ್ನೇ ತೆಗೆಯುತ್ತಾರೆ. ಮಿಠಿ ಖಾಡಿಯ ಪಕ್ಕದಲ್ಲಿ ಮನೆಯಿರುವ ಹುಡುಗನೊಬ್ಬ ಜಲಮಾಲಿನ್ಯದ ಐದು ಕಾರಣಗಳನ್ನು ನನಗೆ ಗಿಳಿಪಾಠದಂತೆ ಒಪ್ಪಿಸಿದ. ಖಾಡಿಯ ನೀರು ಆ ದಿನ ಯಾವ ಬಣ್ಣದಲ್ಲಿತ್ತು ಎಂದು ಕೇಳಿದರೆ ನೋಡಿಲ್ಲವೆಂದ.

ಇನ್ನು ಕೆಲಸದ ಮಾತಿಗೆ ಬರೋಣ. ಉಧ್ನಾದಲ್ಲಿ ಇರುವವರಿಗೆ ಮಾರುಕಟ್ಟೆ ಬದಲಾಗುತ್ತಿದೆ ಎಂದು ಬೇರೆಯವರು ಹೇಳಬೇಕಾಗಿಲ್ಲ, ಕಿಟಕಿ ತೆರೆದರೆ ಸಾಕು. ಲಾಳಿಯ ಮಗ್ಗಗಳ ಸದ್ದು ಕಡಿಮೆಯಾಗಿ ವಾಟರ್‌ಜೆಟ್ ಮಗ್ಗಗಳು ಬಂದಿವೆ. ಒಡಿಶಾದ ಗಂಜಾಂನಿಂದ ಬಂದು ಹನ್ನೆರಡು ಗಂಟೆಗಳ ಪಾಳಿಯಲ್ಲಿ ದುಡಿಯುವವನು ಈಗ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುತ್ತಾನೆ, ಅಂದರೆ ಅವನ ಜೊತೆಗಾರ ಮನೆಗೆ ಹೋಗಿದ್ದಾನೆ. ಹೊಸ ಮಗ್ಗ ಕೈಗಳನ್ನು ಉಳಿಸಿತು, ನೀರನ್ನು ಕುಡಿಯಿತು. ಅತ್ತ ವಜ್ರದ ಬೀದಿಗಳಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಹರಳುಗಳು ಬಂದು ಬೆಲೆ ಕುಸಿದು, ತಲೆಮಾರಿನಿಂದ ಸಾಣೆ ಹಿಡಿದವರು ಕೆಲಸ ಕಳೆದುಕೊಂಡರು.

ಆದರೆ ಇದೇ ಊರಿನಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಹೆಸರೇ ಇರದಿದ್ದ ಕೆಲಸಗಳೂ ಹುಟ್ಟಿವೆ. ಪಕ್ಕದ ಬಮ್ರೋಲಿಯಲ್ಲಿ ಮಹಾನಗರಪಾಲಿಕೆ ಚರಂಡಿಯ ನೀರನ್ನು ಮೂರನೆಯ ಹಂತದವರೆಗೆ ಶುದ್ಧಿಗೊಳಿಸಿ ಪಾಂಡೇಸರಾದ ಕಾರ್ಖಾನೆಗಳಿಗೆ 2014ರಿಂದ ಮಾರುತ್ತಿದೆ; ಆ ಘಟಕದ ಸಾಮರ್ಥ್ಯ ದಿನಕ್ಕೆ 4 ಕೋಟಿ ಲೀಟರ್. ಆ ಸೋಸುಪೊರೆಗಳನ್ನು ನೋಡಿಕೊಳ್ಳುವವರು ಬೇಕು. 2019ರಲ್ಲಿ ಸೂರತ್‌ನಲ್ಲಿ ಧೂಳಿನ ಕಣಗಳ ಪರವಾನಗಿಗಳನ್ನು ಕೊಳ್ಳುವ, ಮಾರುವ ಮಾರುಕಟ್ಟೆ ಆರಂಭವಾಯಿತು. ಧೂಳಿನ ಕಣಗಳಿಗಾಗಿ ಅಂಥದ್ದು ಜಗತ್ತಿನಲ್ಲೇ ಮೊದಲನೆಯದು. ಒಟ್ಟು ಎಷ್ಟು ಧೂಳು ಹೊರಬೀಳಬಹುದೆಂದು ಮಂಡಳಿ ಮಿತಿ ಹಾಕುತ್ತದೆ. ಕಡಿಮೆ ಉಗುಳಿದವನು ಉಳಿಸಿದ್ದನ್ನು ಮಾರಬಹುದು, ಹೆಚ್ಚು ಉಗುಳಿದವನು ಕೊಳ್ಳಬೇಕು. ಚಿಮಣಿಯಲ್ಲೇ ಕುಳಿತ ಉಪಕರಣ ಹಗಲೂ ರಾತ್ರಿ ಅಳೆಯುತ್ತದೆ. ಮುನ್ನೂರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಈ ಮಾರುಕಟ್ಟೆಗೆ ಸೇರಿದವುಗಳ ಧೂಳು ನೂರಕ್ಕೆ 20ರಿಂದ 30ರಷ್ಟು ಇಳಿದದ್ದು ಕಂಡಿತು. ಆ ಉಪಕರಣವನ್ನು ಹೊಂದಿಸುವವನು, ಅದರ ಅಂಕಿಗಳನ್ನು ಓದುವವನು, ಪರವಾನಗಿಯ ಖಾತೆಯನ್ನು ಬರೆಯುವವನು ಎಲ್ಲರೂ ಬೇಕು. ವಾಣಿಜ್ಯ ಓದುವ ಮಕ್ಕಳು ಇದು ತಮ್ಮ ಮಾತಲ್ಲವೆಂದು ಫೋನು ನೋಡಬೇಡಿ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ತಮ್ಮ ನೀರು, ಇಂಧನ, ತ್ಯಾಜ್ಯಗಳ ಲೆಕ್ಕವನ್ನು ಕಡ್ಡಾಯವಾಗಿ ಒಪ್ಪಿಸಬೇಕೆಂದು ಸೆಬಿ ವಿಧಿಸಿದೆ. ಅದನ್ನು ಬರೆಯುವವರು ನೀವೇ. 2025ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಪರಿಸರ ಪರಿಶೋಧನಾ ನಿಯಮಗಳು ಅರ್ಹತೆ ಪರೀಕ್ಷಿಸಿ ನೋಂದಾಯಿಸಿದ ಪರಿಶೋಧಕರೆಂಬ ವೃತ್ತಿಯನ್ನೇ ದೇಶದಾದ್ಯಂತ ತೆರೆದಿವೆ. ಯಾರಿಗೆ ಯಾವ ಕಾರ್ಖಾನೆ ಎಂಬುದನ್ನು ಅಲ್ಲಿಯೂ ಚೀಟಿಯ ರೀತಿಯಲ್ಲೇ ಹಂಚಬೇಕೆಂದಿದೆ. ಸೂರತ್ ಮತ್ತು ಅಹಮದಾಬಾದ್ ಕಲಿಸಿದ ಪಾಠ ಅದು.

ಆ ಮೂವರು ತಂದೆಯರಿಗೆ ನನ್ನ ಉತ್ತರ ಇದು: ಅಳೆಯುವ, ಸೋಸುವ, ಲೆಕ್ಕ ಬರೆಯುವ ಈ ಕೆಲಸಗಳಿಗೆ ಮಕ್ಕಳನ್ನು ಕಳುಹಿಸಿ. ಎಂಜಿನಿಯರಿಂಗ್ ಸೀಟು ಸಿಗದಿದ್ದರೆ ಐ.ಟಿ.ಐ. ಇದೆ. ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದ ಬಾಯ್ಲರ್ ಅಟೆಂಡೆಂಟ್‌ಗೆ ಈ ಊರಿನಲ್ಲಿ ಇರುವ ಬೇಡಿಕೆ ಎಷ್ಟೋ ಪದವೀಧರರಿಗಿಲ್ಲ. ಕೈಗೆ ಮಸಿ ಹತ್ತುವ ಕೆಲಸ ನಮ್ಮ ಮನೆತನಕ್ಕೆ ಒಪ್ಪದು ಎನ್ನುವ ಬಿಂಕವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ಇಲ್ಲಿ ಸರ್ಕಾರದ ಬಗ್ಗೆ ಒಂದು ಮಾತು. ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಷಿಪ್ ಕೊಡಿಸುವ ಘೋಷಣೆ 2024ರ ಮುಂಗಡಪತ್ರದಲ್ಲಿ ಬಂತು. ದೇಶದ ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಹೆಚ್ಚುಕಡಿಮೆ ಅರ್ಧ ಖಾಲಿ ಬಿದ್ದಿವೆ ಎಂಬ ಲೆಕ್ಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದದ್ದೂ ಅದೇ 2024ರಲ್ಲಿ. ಇರುವ ಹುದ್ದೆಗೆ ಜನರನ್ನು ತುಂಬದೆ ಹಸಿರು ಉದ್ಯೋಗದ ಮಾತಾಡುವುದು, ಬಾವಿಗೆ ಹಗ್ಗವನ್ನೇ ಕೊಡದೆ ಕೊಡ ಹಂಚಿದಂತೆ.

ಆದರೆ ಸರ್ಕಾರವನ್ನು ಬೈದು ಕೈತೊಳೆದುಕೊಳ್ಳಲು ನಮಗೂ ಅಧಿಕಾರವಿಲ್ಲ. 2022ರ ಜನವರಿ 6ರ ನಸುಕು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಇಲ್ಲಿಂದ ಹತ್ತಿರದ ಸಚಿನ್ ಕೈಗಾರಿಕಾ ವಸಾಹತುವಿನಲ್ಲಿ ಟ್ಯಾಂಕರೊಂದು ರಾಸಾಯನಿಕ ತ್ಯಾಜ್ಯವನ್ನು ಅಕ್ರಮವಾಗಿ ಚರಂಡಿಗೆ ಸುರಿಯಿತು. ಎದ್ದ ವಿಷಾನಿಲಕ್ಕೆ ಪಕ್ಕದ ಗಿರಣಿಯ ಆರು ಮಂದಿ ಕಾರ್ಮಿಕರು ಸತ್ತರು. ಅವರು ಆ ತ್ಯಾಜ್ಯವನ್ನು ಕಂಡವರಲ್ಲ. ಅಂಥ ಟ್ಯಾಂಕರು ರಸ್ತೆಗಿಳಿಯಬೇಕಾದರೆ ಎಲ್ಲೋ ಒಬ್ಬ ರಸಾಯನಜ್ಞ ಅದರಲ್ಲಿ ಏನಿದೆಯೆಂದು ತಿಳಿದಿರುತ್ತಾನೆ. ಎಲ್ಲೋ ಒಬ್ಬ ಲೆಕ್ಕಿಗ ಅಷ್ಟು ಅಗ್ಗದ ಬಾಡಿಗೆಯ ಬಿಲ್ಲನ್ನು ನೋಡಿ, ವಿಲೇವಾರಿಗೆ ಇಷ್ಟೇ ಖರ್ಚೆ ಎಂದು ಒಂದು ಕ್ಷಣ ತಡೆದು, ಪಾಸು ಮಾಡಿರುತ್ತಾನೆ. ಆ ಒಂದು ಕ್ಷಣಕ್ಕೆ ತಯಾರಿ ಕೊಡುವ ಶಿಕ್ಷಣ ಎಲ್ಲಿದೆ?

ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಅನಿವಾರ್ಯವೆಂದು ನಮ್ಮ ಶಾಸ್ತ್ರ ಒಪ್ಪುತ್ತದೆ. ಅದನ್ನೇ ಕೊಡೆಯಾಗಿ ಹಿಡಿದು ನಡೆಯುವವರನ್ನು ನಾನು ಕಂಡಿದ್ದೇನೆ. ಶೋಧಕ ಯಂತ್ರಕ್ಕೆ ವಿದ್ಯುತ್ ಉಳಿಸಲು ರಾತ್ರಿ ಸ್ವಿಚ್ಚು ಆರಿಸುವುದು ಅನಿವಾರ್ಯ ಹಿಂಸೆಯಲ್ಲ, ಅದು ಉಳಿತಾಯ. ಕುಡಿಯುವ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ನಮ್ಮಲ್ಲಿ ಗಿರಣಿ ಇಟ್ಟವರಿದ್ದಾರೆ, ಗಿರಣಿಗಳ ಲೆಕ್ಕ ಬರೆಯುವವರಿದ್ದಾರೆ. ಮುಂದಿನ ಸಾಲಿನಲ್ಲಿರುವ ಹಿರಿಯರಿಗೆ ಇದು ಕಟುವಾಗಿ ಕೇಳಿಸಿದರೆ ಕ್ಷಮೆಯಿರಲಿ, ಮಾತನ್ನು ಹಿಂದೆಗೆದುಕೊಳ್ಳಲಾರೆ.

ಸಮಾಜವಾಗಿ ನಮಗೆ ಇದರ ಅನುಭವವಿಲ್ಲದಿಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಕಾಲದಿಂದ ನಮ್ಮ ಹಿರಿಯರು ಬೋರ್ಡಿಂಗುಗಳನ್ನು ಕಟ್ಟಿದರು. ಹೊಲ ಬಿಟ್ಟು ಬಂದ ಹುಡುಗನಿಗೆ ಊಟ, ಹಾಸಿಗೆ ಇದ್ದುದರಿಂದ ಪದವಿ ಸಾಧ್ಯವಾಯಿತು. ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವೂರಾವ ಪಾಟೀಲರು ದುಡಿಯುತ್ತ ಕಲಿಯುವುದನ್ನೇ ಪದ್ಧತಿಯಾಗಿಸಿದರು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ನನಗೆ ಇನ್ನೊಂದು ಕಾರಣಕ್ಕೆ ಮೆಚ್ಚುಗೆ. ಕೆಲವು ವಾರಗಳ ತರಬೇತಿ ಮುಗಿಸಿದವರನ್ನು ಅವರು ಅಲ್ಲಿಗೇ ಬಿಡುವುದಿಲ್ಲ, ಎರಡು ವರ್ಷ ಹಿಂದೆ ಬಿದ್ದು ವಿಚಾರಿಸುತ್ತಾರೆ. ಕಲಿತವನು ಮುಗ್ಗರಿಸುವುದು ಕಲಿಯುವಾಗಲ್ಲ, ಆಮೇಲೆ ಎಂಬುದನ್ನು ಅರಿತವರ ಪದ್ಧತಿ ಅದು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಪ್ರತಿವರ್ಷ ನಾವು ಹೆಚ್ಚು ಅಂಕ ಪಡೆದವರಿಗೆ ಶಾಲು ಹೊದಿಸಿ ಸ್ಮರಣಿಕೆ ಕೊಡುತ್ತೇವೆ. ಆ ಹಣದ ಅರ್ಧವನ್ನು ತೆಗೆದಿರಿಸೋಣ. ಸುಳ್ಳು ಸಂಖ್ಯೆಗೆ ಸಹಿ ಹಾಕಲು ಒಪ್ಪದೆ ಕೆಲಸ ಕಳೆದುಕೊಂಡ ನಮ್ಮ ಹುಡುಗನಿಗೋ ಹುಡುಗಿಗೋ ಆರು ತಿಂಗಳ ಸಂಬಳವನ್ನು ಆ ನಿಧಿಯಿಂದ ಕೊಡೋಣ, ಮತ್ತು ನಮ್ಮಲ್ಲಿ ಕಾರ್ಖಾನೆಯಿರುವವರು ಅಂಥವರನ್ನೇ ಕರೆದು ಕೆಲಸ ಕೊಡಲಿ. ಇದನ್ನು ಯಾರಾದರೂ ದುರುಪಯೋಗ ಮಾಡಿಕೊಂಡರೆ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಮಾಡಿಕೊಳ್ಳಬಹುದು. ವಿದ್ಯಾರ್ಥಿವೇತನವನ್ನೂ ಮಾಡಿಕೊಂಡವರಿದ್ದಾರೆ, ಹಾಗೆಂದು ನಾವು ಅದನ್ನು ನಿಲ್ಲಿಸಲಿಲ್ಲ. ಆ ಬೇಸಿಗೆಯ ದಿನ ನನ್ನ ಬೆನ್ನಿಗೆ ಅಂಥ ಆರು ತಿಂಗಳು ಇದ್ದಿದ್ದರೆ ನಾನು ಏಣಿ ಹತ್ತುತ್ತಿದ್ದೆನೆ? ಹತ್ತುತ್ತಿದ್ದೆನೆಂದು ಆಣೆಯಿಟ್ಟು ಹೇಳಲಾರೆ. ಕೈಯನ್ನು ಏಣಿಯಿಂದ ಅಷ್ಟು ಬೇಗ ತೆಗೆಯುತ್ತಿರಲಿಲ್ಲ ಎಂಬಷ್ಟನ್ನು ಹೇಳಬಲ್ಲೆ.

ಹೊತ್ತು ಇಳಿಯುತ್ತಿದೆ, ಸೂರ್ಯಾಸ್ತಕ್ಕೆ ಮುನ್ನ ಎಲ್ಲರ ಊಟವಾಗಬೇಕು, ಅಡುಗೆಯವರು ಎರಡು ಬಾರಿ ಬಾಗಿಲಲ್ಲಿ ಇಣುಕಿದರು. ನನ್ನ ಚೀಲದಲ್ಲಿ ಎರಡು ಥಿಂಬಲ್‌ಗಳನ್ನು ತಂದಿದ್ದೇನೆ. ಒಂದು ಹೊಸದು, ಬಿಳಿಯದು. ಇನ್ನೊಂದು ಕಳೆದ ವಾರ ಒಂದು ಚಿಮಣಿಯಿಂದ ತೆಗೆದದ್ದು. ಊಟವಾದ ಮೇಲೆ ಹುಡುಗರು, ಹುಡುಗಿಯರು ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ.