ಮರಳಿ ಮೇಳಕ್ಕೆ

ಹಳಗನ್ನಡದ ಪಾಠ ಹೇಳುವ ಪಂಡಿತನಿಗೆ ರಾಕ್ ಸಂಗೀತದ ಗೊಡವೆ ಏಕೆಂದು ನೀವು ಕೇಳಬಹುದು. ಬ್ಯಾಂಡೆಂದರೆ ಮದುವೆಯ ದಿಬ್ಬಣದ ಮುಂದೆ ಹೋಗುವುದೆಂದೇ ಬಹುಕಾಲ ತಿಳಿದಿದ್ದವನು ನಾನು. ಒಂದು ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಬಿಡುವಿನ ವೇಳೆಯಲ್ಲಿ ‘ಸಾಂಗ್‌ಬರ್ಡ್’ ಎಂಬ ಹಾಡು ಕೇಳಿಸಿದ. ಅಬ್ಬರಕ್ಕೆ ಹೆದರಿ ಕಿವಿಯತ್ತ ಕೈ ಒಯ್ದಿದ್ದೆ; ಕೇಳಿದ್ದು ಪಿಯಾನೊ ಮತ್ತು ಒಂದು ಮೆಲುದನಿ.

ಹಾಡಿದಾಕೆ ಕ್ರಿಸ್ಟೀನ್ ಮೆಕ್‌ವೀ, ಇಂಗ್ಲೆಂಡಿನವರು. ತವರಿನ ಅಡ್ಡಹೆಸರು ಪರ್ಫೆಕ್ಟ್, ಎಂದರೆ ಪರಿಪೂರ್ಣ! ಅಂಥ ಹೆಸರು ಹೊತ್ತು ಶಾಲೆಗೆ ಹೋಗುವುದು ಸುಲಭವಲ್ಲವೆಂದು ಮೇಷ್ಟರಾದ ನಾನು ಬಲ್ಲೆ. ತಂದೆ ಪಿಟೀಲುವಾದಕರು, ಸಂಗೀತದ ಉಪಾಧ್ಯಾಯರು. ಶಾಸ್ತ್ರೀಯ ಪಿಯಾನೊ ಕಲಿಯುತ್ತಿದ್ದ ಹುಡುಗಿಯ ದಾರಿ ತಪ್ಪಿಸಿದ್ದು, ಅಥವಾ ದಾರಿಗೆ ಹಚ್ಚಿದ್ದು, ಅಣ್ಣ ಮನೆಗೆ ತಂದ ಫ್ಯಾಟ್ಸ್ ಡಾಮಿನೋನ ಹಾಡುಗಳ ಪುಸ್ತಕ. ೧೯೭೦ರಲ್ಲಿ ಆಕೆ ‘ಫ್ಲೀಟ್‌ವುಡ್ ಮ್ಯಾಕ್’ ಮೇಳ ಸೇರಿದರು. ೧೯೭೭ರ ‘ರೂಮರ್ಸ್’ ಧ್ವನಿಮುದ್ರಿಕೆ ಕೋಟಿಗಟ್ಟಲೆ ಮಾರಾಟವಾಯಿತು. ನನ್ನ ವಿದ್ಯಾರ್ಥಿ ಕೇಳಿಸಿದ ಹಾಡು ಅದರಲ್ಲಿಯದೇ. ೧೯೭೬ರಲ್ಲಿ ಬರ್ಕ್ಲಿಯ ಸಭಾಂಗಣವೊಂದರಲ್ಲಿ, ಎದುರಿಗೆ ಶ್ರೋತೃಗಳಿಲ್ಲದ ಖಾಲಿ ಕುರ್ಚಿಗಳಿರಲು, ಮುದ್ರಿಸಿದ್ದು.

೧೯೯೮ರಲ್ಲಿ ಆಕೆ ಮೇಳ ಬಿಟ್ಟರು. ಆಗ ವಯಸ್ಸು ಐವತ್ತೈದು, ಈಗ ನನ್ನದೂ ಹೆಚ್ಚುಕಡಮೆ ಅಷ್ಟೇ. ಊರೂರು ಅಲೆದು ದಣಿದಿದ್ದರು; ಮೇಲಾಗಿ ವಿಮಾನವೆಂದರೆ ಭಯ. ಕೆಂಟ್ ಸೀಮೆಯ ಹಳ್ಳಿಯಲ್ಲಿ ಹಳೆಯ ಮನೆಯನ್ನು ದುರಸ್ತಿ ಮಾಡಿಸುತ್ತ, ನಾಯಿಗಳೊಡನೆ ಅಡ್ಡಾಡುತ್ತ ಉಳಿದರು. ೨೦೦೪ರಲ್ಲಿ ಸ್ವಂತದ ಮುದ್ರಿಕೆಯೊಂದು ಬಂದರೂ ಅದಕ್ಕಾಗಿ ಪ್ರವಾಸ ಹೊರಡಲಿಲ್ಲ.

ಇಲ್ಲಿ ನನ್ನದೊಂದು ಮಾತು. ಒಮ್ಮೆ ನಮ್ಮೂರ ನಾಟಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದಾಗ ತಪ್ಪು ಶ್ರುತಿ ಕೊಟ್ಟೆ. ರಾಜನ ಪಾತ್ರಧಾರಿ ಪದದ ನಡುವೆ ನಿಂತ, ಸಭೆ ನಕ್ಕಿತು. ಅಂದು ಮುಚ್ಚಿದ ಪೆಟ್ಟಿಗೆಯನ್ನು ಹತ್ತೊಂಬತ್ತು ವರ್ಷ ತೆರೆಯಲಿಲ್ಲ. ಪುರುಸೊತ್ತಿಲ್ಲವೆಂದು ಕೇಳಿದವರಿಗೆಲ್ಲ ಹೇಳಿದೆ. ಹೇಳಿ ಹೇಳಿ ನಾನೂ ನಂಬಿದೆ. ಹೋದ ವರ್ಷ ಶಾಲೆಯ ನಾಟಕಕ್ಕೆ ಬೇರೆ ಯಾರೂ ಸಿಗದೆ ನಾನೇ ಕೂರಬೇಕಾಯಿತು. ಬೆರಳಿಗೆ ಮನೆಗಳು ವಾರದೊಳಗೆ ನೆನಪಾದವು. ಆದರೆ ಹಾಡುವ ಹುಡುಗಿ ಉಸಿರಿಗೆ ತಡೆದರೆ ನಾನು ಮುಂದೆ ಓಡುತ್ತಿದ್ದೆ. ಒಬ್ಬನೇ ನುಡಿಸುವವನಿಗೆ ಯಾರಿಗಾಗಿಯೂ ಕಾಯುವ ಪ್ರಮೇಯವಿಲ್ಲ. ಅದನ್ನು ಮೇಳದಲ್ಲಿ ಕುಳಿತೇ ಮತ್ತೆ ಕಲಿಯಬೇಕಾಯಿತು, ಅದೂ ಹದಿನಾಲ್ಕರ ಹುಡುಗಿಯಿಂದ.

ಕ್ರಿಸ್ಟೀನ್ ಭಯಕ್ಕೆ ಚಿಕಿತ್ಸೆ ಪಡೆಯಹೋದಾಗ ವೈದ್ಯರು, ವಿಮಾನ ಏರುವಂತಿದ್ದರೆ ಎಲ್ಲಿಗೆ ಹೋಗುವಿರೆಂದು ಕೇಳಿದರಂತೆ. ಹವಾಯಿಯ ಮಾವಿ ದ್ವೀಪಕ್ಕೆ ಎಂದರು ಈಕೆ. ಹಾಗಾದರೆ ಟಿಕೆಟು ಕೊಳ್ಳಿ, ಏರಲೇಬೇಕೆಂದಿಲ್ಲ ಎಂದರು ಅವರು. ಎಂಥ ಉಪಾಯ, ನೋಡಿ! ಮಾವಿಯಲ್ಲಿ ನೆಲೆಸಿದ್ದ ಮೇಳದ ಡ್ರಮ್ಮುಗಾರ ಮಿಕ್ ಫ್ಲೀಟ್‌ವುಡ್ ಲಂಡನ್ನಿಗೆ ಬಂದಿದ್ದರು. ಹಿಂತಿರುಗುವಾಗ ಇಬ್ಬರೂ ಜೊತೆಯಾಗಿ ಹಾರಿದರು. ಅಲ್ಲಿ ಆತನ ಚಿಕ್ಕ ಮೇಳದೊಡನೆ ಆಕೆ ವೇದಿಕೆ ಹತ್ತಿದರು. ೨೦೧೩ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಓ-ಟೂ ರಂಗದಲ್ಲಿ ಹಳೆಯ ಮೇಳದೊಡನೆ ಒಂದೇ ಒಂದು ಹಾಡಿಗೆ ಬಂದರು, ಅತಿಥಿಯಾಗಿ. ಅದು ತಾವೇ ಕಟ್ಟಿದ ‘ಡೋಂಟ್ ಸ್ಟಾಪ್’. ತಮ್ಮ ಮನೆಗೇ ನೆಂಟರಂತೆ ಹೋಗುವ ಆ ಸಂಕೋಚವನ್ನು ನೀವೇ ಊಹಿಸಿಕೊಳ್ಳಿ.

೨೦೧೪ರ ಆರಂಭದಲ್ಲಿ ಮರಳಿದ ವಾರ್ತೆ ಪ್ರಕಟವಾಯಿತು; ಆ ಸೆಪ್ಟೆಂಬರಿನ ಕೊನೆಗೆ ಮಿನಿಯಾಪೊಲಿಸಿನಿಂದ ಪ್ರವಾಸ ಹೊರಟಿತು. ಎಪ್ಪತ್ತೊಂದರ ವಯಸ್ಸಿನಲ್ಲಿ ಕಚೇರಿಯ ಕಡೆಯಲ್ಲಿ ಪಿಯಾನೊ ಮುಂದೆ ಕುಳಿತು ಆಕೆ ಹಾಡುತ್ತಿದ್ದುದು ಅದೇ ‘ಸಾಂಗ್‌ಬರ್ಡ್’. ಈ ಸಲ ಕುರ್ಚಿಗಳು ಖಾಲಿಯಿರಲಿಲ್ಲ. ೨೦೨೨ರ ನವೆಂಬರಿನಲ್ಲಿ ಆಕೆ ತೀರಿಕೊಂಡರು.

ನನ್ನ ಪೆಟ್ಟಿಗೆಯ ತಿದಿ ಹರಿದಿತ್ತು. ಹೊಲಿಸಿ ತಂದಿದ್ದೇನೆ. ಶನಿವಾರ ಸಂಜೆ ಹುಡುಗರು ಬರುತ್ತಾರೆ.