ನಮ್ಮ ಮೂರು ತಾಲ್ಲೂಕುಗಳ ಚಿತ್ರ, ಹಾಡು ಮತ್ತು ನಾವು

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಿಂದ ಡಾಕ್ಟರು, ಇಂಜಿನಿಯರು, ಸರ್ಕಾರಿ ಅಧಿಕಾರಿಗಳು ನಿಮಗೆ ಬುದ್ಧಿಮಾತು ಹೇಳುತ್ತಾರೆ. ಈ ಸಲ ಸಿನಿಮಾ ಮತ್ತು ಹಾಡಿನ ಹುಚ್ಚು ಹಿಡಿದ ಒಬ್ಬ ನಿವೃತ್ತ ಮೇಷ್ಟರನ್ನು ಕರೆದಿದ್ದೀರಿ. ಶಿಕ್ಷಣ ಸಂಘದಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಅವರ ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಸಿನಿಮಾ ನೋಡಿ ಕೆಟ್ಟ ಹುಡುಗರನ್ನು ನಾನೂ ಕಂಡಿದ್ದೇನೆ. ಆದರೆ ಪುಸ್ತಕ ಓದುವುದನ್ನು ಹೇಗೆ ಕಲಿಯಬೇಕೋ ಚಿತ್ರ ನೋಡುವುದನ್ನೂ ಹಾಡು ಕೇಳುವುದನ್ನೂ ಹಾಗೆಯೇ ಕಲಿಯಬೇಕು. ಈ ವಿದ್ಯೆ ಕಲಿಯಲು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ನಾನು ಈ ಶಾಲೆಯಲ್ಲಿ ಪಾಠ ಕಲಿತೆ. ಒಂದು ತಪ್ಪನ್ನೂ ಮಾಡಿದೆ. ಎರಡನ್ನೂ ಹೇಳುತ್ತೇನೆ.

ನಮ್ಮ ಮನೆ ರಿಪ್ಪನ್‌ಪೇಟೆಯ ಕಡೆ. ಅಬ್ಬಾ ಸೈಕಲ್ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಹಳ್ಳಿಹಳ್ಳಿಗೆ ಹೋಗಿ ವ್ಯಾಪಾರ ಮಾಡುತ್ತಿದ್ದರು. ಮನೆಯಲ್ಲಿದ್ದ ಒಂದೇ ವೈಭವ ಎಂದರೆ ರೇಡಿಯೋ. ಹಗಲು ಆಕಾಶವಾಣಿ ಭದ್ರಾವತಿ, ಬುಧವಾರ ರಾತ್ರಿ ರೇಡಿಯೋ ಸಿಲೋನ್‌ನ ಬಿನಾಕಾ ಗೀತ್‌ಮಾಲಾ. 1952ರಲ್ಲಿ ಶುರುವಾದ ಆ ಕಾರ್ಯಕ್ರಮದ ಅಮೀನ್ ಸಯಾನಿ 2024ರಲ್ಲಿ ತೀರಿಕೊಂಡಾಗ ನಮ್ಮ ವಯಸ್ಸಿನವರಿಗೆ ಮನೆಯವರನ್ನೇ ಕಳೆದುಕೊಂಡಂತಾಯಿತು. ರಫಿ ಸಾಹೇಬರ ದನಿ ನಮಗೆ ಹಿಂದಿಯಲ್ಲಿ ಪರಿಚಯ. ಅವರೇ 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರದಲ್ಲಿ ಕನ್ನಡದಲ್ಲೂ ಹಾಡಿದ್ದಾರೆ ಎಂದು ತಿಳಿದ ದಿನ ನಮಗೆ ಹಬ್ಬ. ರಫಿ ನಮ್ಮ ಭಾಷೆಗೂ ಬಂದರಲ್ಲ ಎಂಬ ಸಂತೋಷ ಅದು.

ಮನೆಯಲ್ಲಿ ನಿಜವಾದ ಅಭಿಮಾನಿ ನಾನಲ್ಲ, ನನ್ನ ಆಪಾ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಒಂದು ಹಾಡನ್ನು ಎರಡು ಸಲ ಕೇಳಿದರೆ ರಾಗ, ಸಾಹಿತ್ಯ ಎರಡೂ ಅವಳಿಗೆ ಬಾಯಿಪಾಠ. ಪಾತ್ರೆ ತೊಳೆಯುವಾಗ, ಅಕ್ಕಿ ಆರಿಸುವಾಗ ಹಾಡಿಕೊಳ್ಳುತ್ತಿದ್ದಳು. ನಾನು ಸಾಗರದಲ್ಲಿ ಕಾಲೇಜಿಗೆ ಸೇರಿ ಮೀಸೆ ಬಂದ ಕಾಲ. ರಜೆಯಲ್ಲಿ ಮನೆಗೆ ಬಂದವನು ಒಂದು ದಿನ, “ಆಪಾ, ನಿನ್ನ ದನಿ ರಸ್ತೆಗೆ ಕೇಳಿಸುತ್ತದೆ. ಜನ ಏನೆಂದುಕೊಳ್ಳುತ್ತಾರೆ? ನಿಲ್ಲಿಸು” ಎಂದುಬಿಟ್ಟೆ. ಅವಳು ನಿಲ್ಲಿಸಿದಳು. ಅಬ್ಬಾ ಯಾವತ್ತೂ ಅವಳನ್ನು ಬೇಡ ಎಂದಿರಲಿಲ್ಲ. ಬೇಡ ಎಂದವನು ನಾನು. ಅದೇ ಸಂಜೆ ನಾನು ಗೆಳೆಯರ ಜೊತೆ ಸೆಕೆಂಡ್ ಶೋಗೆ ಹೋದೆ. ಇದರಲ್ಲಿ ಏನೋ ತಪ್ಪಿದೆ ಎಂದು ಆಗ ನನಗೆ ತೋಚಲೇ ಇಲ್ಲ.

ಕಾಲೇಜಿನ ದಿನಗಳಲ್ಲಿ ಕನ್ನಡ ಅಧ್ಯಾಪಕರೊಬ್ಬರು ನಮ್ಮನ್ನು ಹತ್ತಿರದ ಹೆಗ್ಗೋಡಿಗೆ ಕರೆದೊಯ್ದರು. ಅಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಮ್ ಇದೆ. 1973ರಲ್ಲಿ ಅವರು ನೀನಾಸಮ್ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಅಲ್ಲಿ ನಾನು ನೋಡಿದ್ದು ಇಟಲಿಯ ಡಿ ಸಿಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’. ಯುದ್ಧ ಮುಗಿದ ರೋಮ್ ನಗರ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ ಇರಲೇಬೇಕು. ಹೆಂಡತಿ ಮನೆಯ ಹಾಸಿಗೆ ಬಟ್ಟೆಗಳನ್ನು ಗಿರವಿ ಇಟ್ಟು ಸೈಕಲ್ ಬಿಡಿಸಿ ಕೊಡುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ತಂದೆ, ಮಗ ಊರೆಲ್ಲ ಹುಡುಕುತ್ತಾರೆ. ಕೊನೆಗೆ ತಂದೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ.

ಆ ಭಾಷೆಯ ಒಂದು ಅಕ್ಷರವೂ ನಮಗೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ತೋಟದ ಕೆಲಸದ ಮುದುಕರೊಬ್ಬರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. ನನಗೆ ಅಬ್ಬಾನ ಸೈಕಲ್ ನೆನಪಾಯಿತು. ಅದು ಕಳುವಾಗಿದ್ದರೆ ನಮ್ಮ ಮನೆಯಲ್ಲಿ ಏನಾಗುತ್ತಿತ್ತು? ಚಿತ್ರ ಮುಗಿದ ಮೇಲೆ ಎಲ್ಲರೂ ಕುಳಿತು ಚರ್ಚೆ ಮಾಡಿದರು. ಆ ತಂದೆ ಕಳ್ಳನೋ ಅಲ್ಲವೋ ಎಂಬ ಪ್ರಶ್ನೆಗೆ ಓದಿದವರು ಒಂದು ಹೇಳಿದರೆ ಓದದವರು ಇನ್ನೊಂದು ಹೇಳಿದರು. ಓದದವರ ಮಾತೇ ಹೆಚ್ಚು ಸರಿ ಎಂದು ನನಗೆ ಅನ್ನಿಸಿತು. ಚಿತ್ರವನ್ನು ನೋಡಿ ಎದ್ದು ಹೋಗುವುದಲ್ಲ, ಕುಳಿತು ಮಾತನಾಡಬೇಕು ಎಂಬುದು ನಾನು ಕಲಿತ ಮೊದಲ ಪಾಠ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಂಥವರ ನೆರೆಹೊರೆಯಲ್ಲಿ ಇದ್ದೂ ಹೆಗ್ಗೋಡಿಗೆ ಒಮ್ಮೆಯೂ ಹೋಗದ ವಿದ್ಯಾರ್ಥಿಗಳು ನಮ್ಮಲ್ಲಿ ಇದ್ದಾರಲ್ಲ ಎಂಬುದು ನನ್ನ ಬೇಸರ.

ಮುಂದೆ ನಮ್ಮ ಊರುಗಳಿಗೆ ಟಿ.ವಿ. ಬಂತು. 1987ರ ಸುಮಾರಿಗೆ ದೂರದರ್ಶನದಲ್ಲಿ ಆರ್.ಕೆ. ನಾರಾಯಣರ ಕಥೆಗಳ ‘ಮಾಲ್ಗುಡಿ ಡೇಸ್’ ಬರುತ್ತಿತ್ತು. ನಿರ್ದೇಶನ ಶಂಕರ್ ನಾಗ್ ಅವರದು. ಮಾಲ್ಗುಡಿಯ ಬೀದಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ರೈಲು ನಿಲ್ದಾಣ ಹೊಸನಗರ ತಾಲ್ಲೂಕಿನ ಅರಸಾಳು. ಇಂದಿಗೂ ನನ್ನ ಮಟ್ಟಿಗೆ ಭಾರತೀಯ ಟಿ.ವಿ.ಯ ಅತ್ಯುತ್ತಮ ಕೆಲಸ ಅದೇ. ಅದರಲ್ಲಿ ಅತ್ತೆ ಸೊಸೆಯರ ಕಿತ್ತಾಟವಿಲ್ಲ, ಒಂದು ಮುಖವನ್ನು ಮೂರು ಸಲ ತೋರಿಸಿ ಢಂ ಎನ್ನಿಸುವ ಸದ್ದಿಲ್ಲ. ಶಾಲೆಗೆ ಹೋಗಲು ಹೆದರುವ ಹುಡುಗ, ಮಗನಿಗೆ ಹೇಗೆ ಪ್ರೀತಿ ತೋರಿಸಬೇಕೆಂದು ತಿಳಿಯದ ತಂದೆ, ಇಷ್ಟೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್. ಲಕ್ಷ್ಮಣರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಸಂಗೀತ. ಆ ಗುನುಗು ಕೇಳಿದರೆ ಸಾಕು, ಆಪಾ ಒಲೆ ಬಿಟ್ಟು ಪಕ್ಕದ ಮನೆಯ ಬಾಗಿಲಿಗೆ ಓಡುತ್ತಿದ್ದಳು.

ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಕೇವಲ 35 ವರ್ಷ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿತು. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ರೂಪಿಸಿದರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವವರು ಅಲ್ಲಿಗೂ ಒಮ್ಮೆ ಕರೆದುಕೊಂಡು ಹೋಗಿ.

ಹಾಡಿನ ವಿಷಯಕ್ಕೆ ಬರುತ್ತೇನೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರು. 2022ರಲ್ಲಿ ನಮ್ಮನ್ನು ಅಗಲಿದರು. ಅವರದು ನುಣುಪಾದ ದನಿಯಲ್ಲ. ಬಯಲಲ್ಲಿ ನಿಂತು ದೂರದವರನ್ನು ಕೂಗಿ ಕರೆದಂಥ ದನಿ. ಶಿಶುನಾಳ ಷರೀಫ ಸಾಹೇಬರ ತತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಸಿ. ಅಶ್ವಥ್ ಅವರ ಜೊತೆ ಇವರೂ ಇದ್ದಾರೆ. ಇನ್ನು ನಿಸಾರ್ ಅಹಮದ್ ಸಾಹೇಬರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಹೇಳಿದವರು. ನಮ್ಮ ಜೋಗವನ್ನು ನೆನೆಯುತ್ತಾ ಆರಂಭವಾಗುವ ಅವರ ಕವಿತೆ 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಮೂಲಕ ಇಡೀ ನಾಡಿನ ಹಾಡಾಯಿತು. ಷರೀಫರ ಪದವನ್ನು ನಗರದ ಸುಬ್ಬಣ್ಣ ಹಾಡಿದರು, ನಿಸಾರರ ಪದವನ್ನು ಅನಂತಸ್ವಾಮಿ ಹಾಡಿದರು. ಯಾರ ಹಾಡು ಯಾರದು ಎಂದು ಆಗ ಯಾರೂ ಲೆಕ್ಕ ಕೇಳಲಿಲ್ಲ. ಈಗ ಕೇಳುವವರು ಇದ್ದರೆ ಈ ಉದಾಹರಣೆ ನಿಮ್ಮ ನಾಲಗೆಯ ತುದಿಯಲ್ಲಿರಲಿ.

ಈಗ ನನ್ನ ಮುಖ್ಯ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು ಗಿರೀಶ್ ಕಾಸರವಳ್ಳಿ. ಅದೇ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಸಾಗರದ ನಾ. ಡಿಸೋಜ ಅವರ ಕಾದಂಬರಿಯಿಂದ ‘ದ್ವೀಪ’ ಮಾಡಿದರು. ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗುವುದೆಂದರೇನು ಎಂದು ಶರಾವತಿಯ ದಡದವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡಕ್ಕೂ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣ ಕಮಲ ಬಂತು.

ಅದೇ ಕಾಸರವಳ್ಳಿಯವರು ನಮ್ಮ ಮನೆಗಳ ಕಡೆಗೂ ಕಣ್ಣು ಹಾಯಿಸಿದರು. ಪೇಟೆಯ ಚಿತ್ರಗಳಲ್ಲಿ ಮುಸಲ್ಮಾನ ಎಂದರೆ ಎರಡೇ ನಮೂನೆ. ಒಂದು, ಸುರ್ಮಾ ಹಚ್ಚಿದ ಖಳನಾಯಕ. ಇನ್ನೊಂದು, ಹರಕು ಮುರುಕು ಕನ್ನಡದಲ್ಲಿ ನಗಿಸಿ ನಾಯಕನಿಗಾಗಿ ಪ್ರಾಣ ಕೊಡುವ ಒಳ್ಳೆಯ ಬಾಬಾ. ಎರಡೂ ನಾವಲ್ಲ. 2004ರ ‘ಹಸೀನಾ’ ಬಾನು ಮುಷ್ತಾಕ್ ಅವರ ಕಥೆ. ಗಂಡ ಕೈಬಿಟ್ಟ, ಹೆಣ್ಣುಮಕ್ಕಳ ತಾಯಿ ಜಮಾತಿನ ಮುಂದೆ ನ್ಯಾಯ ಕೇಳುತ್ತಾಳೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಒಳ್ಳೆಯದೇ. ಆದರೆ ಹಸೀನಾ ಕೇಳಿದ ಪ್ರಶ್ನೆಗೆ ನಮ್ಮ ನಮ್ಮ ಊರಿನಲ್ಲಿ ಉತ್ತರ ಕೊಟ್ಟಿದ್ದೇವೆಯೇ?

‘ಗುಲಾಬಿ ಟಾಕೀಸು’ 2008ರ ಚಿತ್ರ, ವೈದೇಹಿಯವರ ಕಥೆಯನ್ನು ಆಧರಿಸಿದ್ದು. ಕುಂದಾಪುರ ಕಡೆಯ ಮೀನುಗಾರರ ಊರಿನಲ್ಲಿ ಗುಲಾಬಿ ಎಂಬ ಸೂಲಗಿತ್ತಿ. ಗಂಡ ಬಿಟ್ಟಿದ್ದಾನೆ, ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಡಿಶ್ ಸಮೇತ ಟಿ.ವಿ. ಬರುತ್ತದೆ. ಊರಿನ ಹೆಂಗಸರು ಜಾತಿ ಧರ್ಮ ಮರೆತು ಅಲ್ಲಿ ಸೇರುತ್ತಾರೆ. ಆಮೇಲೆ ಕಾರ್ಗಿಲ್ ಯುದ್ಧದ ಸಮಯದಲ್ಲಿ ಊರು ಒಡೆಯುತ್ತದೆ, ಗುಲಾಬಿ ಒಂಟಿಯಾಗುತ್ತಾಳೆ. ಉಮಾಶ್ರೀಯವರು ಟಿ.ವಿ. ಮುಂದೆ ಕುಳಿತ ಆ ಮುಖವನ್ನು ಯಾರೂ ಮರೆಯಲಾರರು. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು.

ಆ ಮುಖ ನೋಡುತ್ತಿದ್ದಂತೆ ನನಗೆ ಆಪಾ ಕಂಡಳು. ಗುಲಾಬಿಯ ಮೇಲೆ ಊರು ಮುನಿಯಿತು. ನನ್ನ ಆಪಾಳ ಹಾಡು ನಿಲ್ಲಿಸಲು ಊರು ಬೇಕಾಗಲಿಲ್ಲ, ತಮ್ಮನೊಬ್ಬ ಸಾಕಾಯಿತು. ರಜೆಯಲ್ಲಿ ಅವಳ ಮನೆಗೆ ಹೋಗಿ, “ಆಪಾ, ಅವತ್ತು ನಾನು ಹಾಗೆ ಹೇಳಬಾರದಿತ್ತು” ಎಂದೆ. ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. “ಈಗ ಹೇಳಿ ಏನು ಬಂತು? ದಮ್ಮು ಹೋಗಿದೆ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನಿನ್ನ ಮೊಮ್ಮಗಳಿಗೆ ಮಾತ್ರ ಹಾಗೆ ಅನ್ನಬೇಡ” ಎಂದು ಚಹಾ ತರಲು ಎದ್ದಳು. ಅವಳಿಗೆ ನಾನು ಕೊಟ್ಟ ಮಾತನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿದ್ಯಾರ್ಥಿಗಳೆ, ಈಗ ಎಲ್ಲ ಚಿತ್ರಗಳೂ ನಿಮ್ಮ ಅಂಗೈಯ ಮೊಬೈಲಿನಲ್ಲಿವೆ. ನಮಗೆ ಸಿಗದ ಸೌಲಭ್ಯ ಅದು. ಒಂಟಿಯಾಗಿ, ಅರ್ಧ ನಿಮಿಷಕ್ಕೊಂದು ನೋಡಿ ಬೆರಳಲ್ಲಿ ಸರಿಸಿಬಿಡಬೇಡಿ. ಒಂದು ಚಿತ್ರ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನನಗೆ ಯಾರ ಕಷ್ಟವನ್ನು ತೋರಿಸಿತು? ಯಾರನ್ನು ಕೀಳಾಗಿ ತೋರಿಸಿತು? ನನ್ನ ಮನೆಯಲ್ಲಿ ಇದನ್ನು ನೋಡಲು ಯಾರಿಗೆ ಅವಕಾಶವಿಲ್ಲ? ಮೊದಲಿನ ಎರಡು ಪ್ರಶ್ನೆ ಹೆಗ್ಗೋಡಿನಲ್ಲಿ ಕಲಿತದ್ದು. ಮೂರನೆಯದು ಆಪಾ ಕಲಿಸಿದ್ದು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ವಾಚನಾಲಯದಲ್ಲಿ ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಒಂದು ಒಳ್ಳೆಯ ಚಿತ್ರ ತೋರಿಸಿ ಒಂದು ಗಂಟೆ ಚರ್ಚೆ ಇಡೋಣ. ತಾಯಂದಿರು, ಅಕ್ಕತಂಗಿಯರು ಹಿಂದಿನ ಸಾಲಿನಲ್ಲಲ್ಲ, ಎದುರಿನ ಸಾಲಿನಲ್ಲೇ ಕುಳಿತುಕೊಳ್ಳಲಿ. ಮೊದಲ ಚಿತ್ರ ‘ಗುಲಾಬಿ ಟಾಕೀಸು’ ಆಗಲಿ. ಕುರ್ಚಿ ಜೋಡಿಸುವ ಕೆಲಸ ನನ್ನದು. ಆಪಾಳನ್ನು ಕರೆತರುವ ಕೆಲಸವೂ ನನ್ನದೇ.