ಮುಪ್ಪಿನ ಕಂಠ

ಶಿಕಾರಿಪುರ ತಾಲ್ಲೂಕಿನ ಉಡುತಡಿ ನನ್ನ ಹುಟ್ಟೂರು. ಅಕ್ಕಮಹಾದೇವಿ ಹುಟ್ಟಿದ ಊರೆಂದು ಅದು ನಾಡಿಗೆಲ್ಲ ಪರಿಚಿತ. ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅಲ್ಲಿಂದ ದೂರವಿಲ್ಲ. ಇಂಥ ಸೀಮೆಯಲ್ಲಿ ಹುಟ್ಟಿ, ಮೂವತ್ತಕ್ಕೂ ಮಿಕ್ಕ ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಇಂದು ಇಂಗ್ಲೆಂಡಿನ ಒಂದು ರಾಕ್ ಸಂಗೀತದ ತಂಡವನ್ನು ಕುರಿತು ಮಾತನಾಡಹೊರಟರೆ ನಿಮಗೆ ವಿಚಿತ್ರವೆನಿಸಬಹುದು. ಆ ಸಂಗೀತದಲ್ಲಿ ನನಗೆ ಪರಿಶ್ರಮವೇನೂ ಇಲ್ಲ. ಅದನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದು ಒಂದೇ ಒಂದು ಸಾರಿ. ಆದರೆ ಆ ಸಂಜೆ ಕಲಿತ ಪಾಠ ನನ್ನ ಮನೆಯ ಜಗಲಿಗೆ ಸಂಬಂಧಪಟ್ಟದ್ದು. ಅದನ್ನು ಹೇಳುವುದಕ್ಕಾಗಿಯೇ ಈ ಮಾತು.

2003ನೆಯ ಇಸವಿಯ ಏಪ್ರಿಲ್ ತಿಂಗಳು. ಯುಗಾದಿ ಕಳೆದು ಎರಡು ದಿನವಾಗಿತ್ತು. ಪರೀಕ್ಷಾ ಮಂಡಳಿಯ ಸಭೆಗೆಂದು ಬೆಂಗಳೂರಿಗೆ ಹೋದವನು ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದೆ. ತಂಗಿಯ ಮಗ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಅವನೂ ಅವನ ಸ್ನೇಹಿತನೂ ಅರಮನೆ ಮೈದಾನದ ಒಂದು ಕಾರ್ಯಕ್ರಮಕ್ಕೆ ತಿಂಗಳ ಮೊದಲೇ ಟಿಕೆಟ್ ಕೊಂಡಿದ್ದರು. ಆ ದಿನ ಬೆಳಿಗ್ಗೆ ಸ್ನೇಹಿತನಿಗೆ ಜ್ವರ ಬಂತು. "ಮಾವ, ನೀವು ಬನ್ನಿ, ಟಿಕೆಟ್ ದಂಡವಾಗುತ್ತದೆ" ಎಂದ ಹುಡುಗ. ದಂಡವಾಗುವ ವಸ್ತುವನ್ನು ಉಳಿಸುವುದು ನಮ್ಮ ಕಡೆಯವರ ಸ್ವಭಾವ. ಹೊರಟೆ. ಯಾರ ಸಂಗೀತವೆಂದು ಕೇಳಿದ್ದು ದಾರಿಯಲ್ಲಿ. 'ರೋಲಿಂಗ್ ಸ್ಟೋನ್ಸ್' ಎಂದ. ಉರುಳುವ ಕಲ್ಲಿಗೆ ಪಾಚಿ ಕಟ್ಟದೆಂಬ ಗಾದೆ ಮಾತ್ರ ನನಗೆ ಗೊತ್ತಿದ್ದದ್ದು. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ತಂಡ, ನಲವತ್ತು ವರ್ಷ ಪೂರೈಸಿದ ಸಂಭ್ರಮಕ್ಕೆ ಲೋಕಸಂಚಾರ ಹೊರಟಿದೆ, ಭಾರತದಲ್ಲಿ ಇವರ ಮೊಟ್ಟಮೊದಲ ಕಛೇರಿ ಇದೇ, ಮೂರು ದಿನ ಬಿಟ್ಟು ಮುಂಬಯಿಯಲ್ಲಿ ಇನ್ನೊಂದು—ಇಷ್ಟನ್ನು ಹುಡುಗ ಹೇಳಿದ. ನಲವತ್ತು ವರ್ಷ ಹಾಡಿದವರೆಂದರೆ ಮುದುಕರಿರಬೇಕಲ್ಲ ಎಂದೆ. ಅವನು ನಕ್ಕ.

ಶುಕ್ರವಾರ, ಏಪ್ರಿಲ್ 4. ಅಂದು ಬೆಂಗಳೂರಿನಲ್ಲಿ ಮಳೆ ಬಂದಿತ್ತು. ಮೈದಾನ ಕೆಸರಾಗಿತ್ತು. ಕುರ್ಚಿಯಿಲ್ಲದ ಕಛೇರಿಗೆ ನಾನು ಹೋದದ್ದು ಅದೇ ಮೊದಲು. ಸಾವಿರಾರು ಮಂದಿ ತರುಣರು ತೊಯ್ದ ಬಟ್ಟೆಯಲ್ಲೇ ನಿಂತಿದ್ದರು; ನಡುವೆ ಅಲ್ಲಲ್ಲಿ ನನ್ನಂಥ ನರೆಗೂದಲಿನವರು. ನನ್ನ ಪಕ್ಕದಲ್ಲಿದ್ದ ಒಬ್ಬರು ತಮ್ಮ ಕಾಲೇಜಿನ ದಿನಗಳಲ್ಲಿ ಈ ತಂಡದ ತಟ್ಟೆಗಳನ್ನು ಎರವಲು ತಂದು ಕೇಳುತ್ತಿದ್ದೆವೆಂದು ನೆನೆಸಿಕೊಂಡರು. ಅವರು ಕಾಯುತ್ತಿದ್ದದ್ದು ಬರಿಯ ಹಾಡುಗಾರನಿಗಲ್ಲ, ತಮ್ಮ ಇಪ್ಪತ್ತನೆಯ ವಯಸ್ಸಿಗೆ ಎಂದು ನನಗೆ ತೋರಿತು.

ಬೆಳಕು ಹೊತ್ತಿಕೊಂಡಿತು. ಹಾಡುಗಾರ ಬಂದ. ಮಿಕ್ ಜ್ಯಾಗರ್ ಎಂದು ಅವನ ಹೆಸರು. ಹುಟ್ಟಿದ್ದು 1943ರ ಜುಲೈನಲ್ಲಿ. ಎಂದರೆ ಇನ್ನು ನಾಲ್ಕು ತಿಂಗಳೊಳಗೆ ಅರವತ್ತು ತುಂಬಲಿದ್ದ ಮನುಷ್ಯ. ನಮ್ಮಲ್ಲಿ ಆ ವಯಸ್ಸಿನವರಿಗೆ ಶಾಲು ಹೊದಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಇನ್ನು ಎದ್ದೇಳಬೇಡಿ ಎನ್ನುತ್ತೇವೆ. ಈತನೋ ರಂಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿದ್ದ. ಬಡಕಲು ಮೈ. ದೊಡ್ಡ ತೆರೆಯ ಮೇಲೆ ಅವನ ಮುಖ ಮೂಡಿದಾಗ ಉತ್ತ ಗದ್ದೆಯಂತೆ ಗೆರೆಗಳು ಕಂಡವು. ಆ ಗೆರೆಗಳನ್ನು ಮುಚ್ಚುವ ಪ್ರಯತ್ನವನ್ನು ಅವನು ಮಾಡಿರಲಿಲ್ಲ. ಹಿಂದೆ ಡ್ರಮ್ಮಿನ ಮುಂದೆ ಕುಳಿತಿದ್ದ ಚಾರ್ಲಿ ವಾಟ್ಸ್ ಎಂಬಾತನಿಗೆ ಆಗ ಅರವತ್ತೊಂದು. ನಾಲ್ಕಾರು ವಾದ್ಯಗಳಷ್ಟೇ ಅವನ ಮುಂದೆ; ಮುಖದಲ್ಲಿ ಯಾವ ಆವೇಶವೂ ಇಲ್ಲ. ನಮ್ಮ ಮೃದಂಗದ ಹಿರಿಯ ವಿದ್ವಾಂಸರೊಬ್ಬರು ಕಣ್ಣು ಅರೆಮುಚ್ಚಿ ಕುಳಿತಂತೆ ಕುಳಿತು ಆ ಗದ್ದಲವನ್ನೆಲ್ಲ ಲಯದಲ್ಲಿ ಕಟ್ಟಿಹಾಕಿದ್ದ.

ಸಂಗೀತ ನನಗೆ ಹಿಡಿಸಿತೇ ಎಂದು ನೀವು ಕೇಳಬಹುದು. ಮೊದಲ ಅರ್ಧ ಗಂಟೆ ಎದೆಯ ಮೇಲೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು. ಆಮೇಲೆ ಕಿವಿ ಒಗ್ಗಿತು. ಕಿವಿಗಿಂತ ಹೆಚ್ಚಾಗಿ ಕಣ್ಣು ಒಗ್ಗಿತು. ಆ ಮನುಷ್ಯ ಏನು ಮಾಡುತ್ತಿದ್ದಾನೆಂಬುದನ್ನು ಗಮನಿಸತೊಡಗಿದೆ. ಕೆಲವು ಕಡೆ ಸ್ವರ ಮೇಲಕ್ಕೆ ಏರಬೇಕಾದಲ್ಲಿ ಅವನು ಏರುತ್ತಿರಲಿಲ್ಲ. ಅರ್ಧ ಹಾಡಿ ಅರ್ಧ ಆಡಿ ಮುಗಿಸುತ್ತಿದ್ದ. ಇನ್ನು ಕೆಲವು ಕಡೆ ಹಿಂದೆ ನಿಂತ ಸಹಗಾಯಕರು ಆ ಎತ್ತರವನ್ನು ಮುಟ್ಟುತ್ತಿದ್ದರು. ಅವನು ಅವರ ಕಡೆಗೆ ತಿರುಗಿ ಸಂತೋಷಪಡುತ್ತಿದ್ದ. ಮತ್ತೆ ಕೆಲವು ಕಡೆ ಜನರೇ ಹಾಡುತ್ತಿದ್ದರು. ಕಂಠ ಎಲ್ಲಿ ಸೋಲುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೋಲುವ ಜಾಗವನ್ನು ದಾಟುವ ಉಪಾಯಗಳನ್ನು ಒಂದೊಂದಾಗಿ ಕಲಿತುಕೊಂಡಿದ್ದ. ಅಂಥ ಉಪಾಯಗಳು ಒಂದು ದಿನದಲ್ಲಿ ಬರುವುದಿಲ್ಲ. ಒಂದು ವರ್ಷವೂ ಬಿಡದೆ, ವಯಸ್ಸು ಕಸಿದುಕೊಂಡದ್ದನ್ನು ಲೆಕ್ಕವಿಡುತ್ತ ಹಾಡಿದವನಿಗೆ ಮಾತ್ರ ಬರುತ್ತವೆ.

ಈ ತಂಡದ ಅತಿ ಪ್ರಸಿದ್ಧ ಗೀತೆ 'ಸ್ಯಾಟಿಸ್‌ಫ್ಯಾಕ್ಷನ್' ಎಂಬುದು. ತೃಪ್ತಿ ಎಂದು ಹೆಸರಾದರೂ ಅತೃಪ್ತಿಯ ಹಾಡು. 1965ರಲ್ಲಿ ಅದು ಹೊರಬಂದಾಗ ಜ್ಯಾಗರನಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ. ನಲವತ್ತೈದರಲ್ಲೂ ಇದನ್ನೇ ಹಾಡುವುದಕ್ಕಿಂತ ಸಾಯುವುದು ಮೇಲು ಎಂಬರ್ಥದ ಮಾತನ್ನು ಅವನು ಯೌವನದಲ್ಲಿ ಆಡಿದ್ದನೆಂದು ಪ್ರತೀತಿ. ಮೈದಾನದಲ್ಲಿ ಹುಡುಗ ಇದನ್ನು ನನ್ನ ಕಿವಿಯಲ್ಲಿ ಕೂಗಿ ಹೇಳಿದ. ನನಗೆ ಆಗ ಸರಿಯಾಗಿ ನಲವತ್ತೈದು. ಯೌವನ ಇಂಥ ಪ್ರತಿಜ್ಞೆಗಳನ್ನು ಮಾಡುತ್ತದೆ. ಮುಪ್ಪನ್ನು ಕುರಿತು ತೀರ್ಪು ಕೊಡುವವರು ಯಾವಾಗಲೂ ಮುಪ್ಪು ಬಾರದವರೇ. ಅದೃಷ್ಟವಂತರು ತಮ್ಮ ಮಾತಿಗೆ ತಾವೇ ತಪ್ಪಿ ಉಳಿದುಕೊಳ್ಳುತ್ತಾರೆ.

ಹೀಗೆ ಯೋಚಿಸುತ್ತಿದ್ದಂತೆಯೇ ನನಗೆ ನನ್ನ ತಂದೆಯ ನೆನಪಾಯಿತು. ಆ ಗದ್ದಲದ ನಡುವೆ, ಕೆಸರಿನಲ್ಲಿ ನಿಂತು, ನಾನು ತಲೆ ತಗ್ಗಿಸಿದೆ.

ನನ್ನ ತಂದೆ ಗದ್ದೆಯ ಕೆಲಸದವರು. ಸಂಗೀತವನ್ನು ಯಾರಲ್ಲಿಯೂ ಪಾಠವಾಗಿ ಕಲಿತವರಲ್ಲ. ಅಕ್ಕನ ವಚನಗಳನ್ನು ತಮ್ಮ ತಾಯಿಯಿಂದ ಕೇಳಿ ಕಲಿತಿದ್ದರು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ತೆರೆದ ಮೇಲೆ, ಊರಿನಲ್ಲಿ ರೇಡಿಯೋ ಇದ್ದ ಒಂದು ಮನೆಯ ಜಗಲಿಯಲ್ಲಿ ಕುಳಿತು ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಕೇಳಿ ತಮ್ಮ ಹಾಡಿಕೆಯನ್ನು ತಿದ್ದಿಕೊಂಡರು. ಪ್ರತಿ ವರ್ಷ ದವನದ ಹುಣ್ಣಿಮೆಯ ದಿನ, ಅಕ್ಕನ ಜಯಂತಿಯಂದು, ಗುಡಿಯ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಎರಡು ವಚನ ಹಾಡುವುದು ಅವರ ಪಾಲಿನ ಸೇವೆ. ಅದಕ್ಕೆ ಯಾರೂ ಅವರನ್ನು ಕರೆಯುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಲೂ ಇರಲಿಲ್ಲ.

1996ರಲ್ಲಿ ಅವರಿಗೆ ಎಪ್ಪತ್ತೆರಡು. ಕಂಠ ಒಡೆದಿತ್ತು. ಮೇಲಿನ ಷಡ್ಜಕ್ಕೆ ಹೋದಾಗ ಸ್ವರ ಸೀಳುತ್ತಿತ್ತು. ಆ ವರ್ಷದ ಜಯಂತಿಗೆ ನನ್ನ ಕಾಲೇಜಿನ ಕೆಲವರು ಸಹೋದ್ಯೋಗಿಗಳು ಬರುವವರಿದ್ದರು. ಹಿಂದಿನ ಸಂಜೆ ನಾನು ತಂದೆಗೆ ಹೇಳಿದೆ: "ಈ ಸಾರಿ ಶಾಲೆಯ ಹುಡುಗಿಯರು ಹಾಡಲಿ ಅಪ್ಪ. ನಿಮಗೂ ವಿಶ್ರಾಂತಿಯಾಗುತ್ತದೆ." ಎಷ್ಟು ಮೃದುವಾದ ಮಾತು ನೋಡಿ! ಮೂವತ್ತೆಂಟು ವರ್ಷದ ಕನ್ನಡ ಅಧ್ಯಾಪಕ ತನ್ನ ನಾಚಿಕೆಗೆ 'ವಿಶ್ರಾಂತಿ' ಎಂಬ ಪದವನ್ನು ಹುಡುಕಿಕೊಂಡಿದ್ದ. ತಂದೆ ನನ್ನನ್ನು ಒಮ್ಮೆ ನೋಡಿ, "ಆಗಲಿ" ಎಂದರು. ಹಾರ್ಮೋನಿಯಮ್ಮಿಗೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಏರಿಸಿದರು. ಮರುವರ್ಷ ಅವರಾಗಿಯೇ ಹಾಡಲಿಲ್ಲ. ಮತ್ತೆ ಹಾಡಲೇ ಇಲ್ಲ. ನಾನು ಅದನ್ನು ವಯಸ್ಸಿನ ಸಹಜ ಪರಿಣಾಮವೆಂದು ತಿಳಿದು ನೆಮ್ಮದಿಯಾಗಿದ್ದೆ.

ಏಳು ವರ್ಷದ ಆ ನೆಮ್ಮದಿ ಅರಮನೆ ಮೈದಾನದಲ್ಲಿ ಕಳೆದುಹೋಯಿತು. ಅರವತ್ತರ ಗಾಯಕನ ಸ್ವರ ಬಿರುಕುಬಿಟ್ಟಾಗ ಸಾವಿರಾರು ಜನ ಮುಖ ತಿರುಗಿಸಲಿಲ್ಲ. ಅವನ ಪದವನ್ನು ಎತ್ತಿಕೊಂಡು ತಾವೇ ಹಾಡಿದರು. ನನ್ನ ತಂದೆಗೆ ಅಂಥ ಸಹಗಾಯಕನಾಗಿ ಪಕ್ಕದಲ್ಲಿ ಕೂರುವುದು ನನಗೆ ಸಾಧ್ಯವಿತ್ತು. ಆ ವಚನಗಳೆಲ್ಲ ನನಗೆ ಬಾಯಿಪಾಠ. ತರಗತಿಯಲ್ಲಿ ಅವುಗಳ ಅರ್ಥ ಬಿಡಿಸಿ ಸಂಬಳ ತೆಗೆದುಕೊಳ್ಳುತ್ತಿದ್ದೆ.

ಸಭೆ ಕಛೇರಿಗಳು ಮುಗಿದವು. ಹನ್ನೆರಡು ದಿನ ಬಿಟ್ಟು, ಏಪ್ರಿಲ್ 16ರಂದು, ದವನದ ಹುಣ್ಣಿಮೆ. ಊರಿಗೆ ಹೋದೆ. ಅಟ್ಟ ಹತ್ತಿ ಹಾರ್ಮೋನಿಯಂ ಇಳಿಸಿದೆ. ಇಲಿ ತಿದಿಯನ್ನು ಕಡಿದಿತ್ತು. ಅದನ್ನು ಬದಿಗಿಟ್ಟು, "ಅಪ್ಪ, ಇವತ್ತು ಬರಿಯ ತಾಳದ ಮೇಲೆ ಒಂದು ವಚನ ಹಾಡಿ, ನಾನೂ ಜೊತೆಗೆ ಹೇಳುತ್ತೇನೆ" ಎಂದೆ. ಎಪ್ಪತ್ತೊಂಬತ್ತರ ಮುದುಕರು ಎಲೆಗೆ ಸುಣ್ಣ ಸವರುತ್ತಿದ್ದರು. ನಿಧಾನವಾಗಿ ಮಡಿಸಿ ಬಾಯಿಗಿಟ್ಟುಕೊಂಡ ಮೇಲೆ ಹೇಳಿದರು: "ಗಂಟಲು ಮುದಿಯಾಯ್ತು ಅಂತ ನಾನು ಹಾಡು ಬಿಡಲಿಲ್ಲ ಮಾರಾಯ. ಹಾಡು ಬಿಟ್ಟೆ ನೋಡು, ಗಂಟಲು ಮುದಿಯಾಯ್ತು." ಸಿಟ್ಟಿನಿಂದ ಹೇಳಲಿಲ್ಲ. ಈ ವರ್ಷ ಮಳೆ ತಡವಾಯಿತು ಎನ್ನುವಂತೆ ಹೇಳಿದರು.

ಅಂದು ಅವರು ಹಾಡಲಿಲ್ಲ. ಮರುದಿನ ನಸುಕಿನಲ್ಲಿ ಕೊಟ್ಟಿಗೆಯ ಕಡೆಯಿಂದ ಸಣ್ಣಗೆ ಗುನುಗುವ ಸದ್ದು ಬಂತು. ಎದ್ದು ಹತ್ತಿರ ಹೋದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿ ಗುನುಗು ನಿಂತುಹೋಯಿತು. 2007ರಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗೂ ನನ್ನೆದುರು ಒಂದು ಸ್ವರವನ್ನೂ ತೆಗೆಯಲಿಲ್ಲ.

ಈ ತರುಣರ ಗುಂಪಿನ ಬಗ್ಗೆ ನಾನು ಆಮೇಲೆ ಓದಿ ತಿಳಿದ ಒಂದು ಸಂಗತಿಯಿದೆ. ಅವರ ತಂಡದ ಹೆಸರು ಅಮೆರಿಕದ ಹಿರಿಯ ಕಪ್ಪು ಗಾಯಕ ಮಡ್ಡಿ ವಾಟರ್ಸನ ಒಂದು ಹಾಡಿನಿಂದ ಬಂದದ್ದು. 1965ರಲ್ಲಿ ಅಮೆರಿಕದ ಒಂದು ಟೆಲಿವಿಷನ್ ಕಾರ್ಯಕ್ರಮಕ್ಕೆ ಇವರನ್ನು ಕರೆದಾಗ, ಹೌಲಿನ್ ವುಲ್ಫ್ ಎಂಬ ಇನ್ನೊಬ್ಬ ಹಿರಿಯ ಬ್ಲೂಸ್ ಗಾಯಕನನ್ನೂ ಅಲ್ಲಿ ಹಾಡಿಸಬೇಕೆಂದು ಇವರು ಪಟ್ಟುಹಿಡಿದರು. ಆತ ಹಾಡುವಾಗ ಇವರು ಅವನ ಕಾಲ ಬಳಿ ಕುಳಿತು ಕೇಳಿದರು. ಆ ಗಾಯಕ ಹುಟ್ಟಿದ್ದು 1910ರಲ್ಲಿ, ನಮ್ಮ ಮನಸೂರರು ಹುಟ್ಟಿದ ವರ್ಷದಲ್ಲೇ. ಇಪ್ಪತ್ತರ ಹರೆಯದಲ್ಲಿ ಹಿರಿಯನೊಬ್ಬನ ಕಾಲ ಬಳಿ ಕುಳಿತವರಿಗೆ ಅರವತ್ತರಲ್ಲಿ ನಿಂತು ಹಾಡುವ ಧೈರ್ಯ ಬಂದದ್ದು ಆಶ್ಚರ್ಯವಲ್ಲ.

ನಮ್ಮ ನಾಡಿಗೂ ಇದು ತಿಳಿಯದ ವಿಷಯವೇನಲ್ಲ. ಮನಸೂರರು 1992ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತೊಂದು. ಅವರ ಕೀರ್ತಿ ಶಿಖರಕ್ಕೇರಿದ್ದೇ ವೃದ್ಧಾಪ್ಯದಲ್ಲಿ. ಗಂಗೂಬಾಯಿ ಹಾನಗಲ್ ತೊಂಬತ್ತು ದಾಟಿದ ಮೇಲೂ ವೇದಿಕೆಯ ಮೇಲೆ ಹಾಡಿದರು. ಗಂಟಲಿನ ಚಿಕಿತ್ಸೆಯ ತರುವಾಯ ಅವರ ದನಿ ಗಂಡುದನಿಯಂತಾಗಿತ್ತು. ಆ ದನಿಯಲ್ಲೇ ಅವರು ತಮ್ಮ ಗಾಯನವನ್ನು ಕಟ್ಟಿಕೊಂಡರು. ಜ್ಯಾಗರ್ ಓಡಾಡಿದ ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ, ಅರವತ್ತೈದರ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ಎಂಬ ಕಾರ್ಯಕ್ರಮದಲ್ಲಿ ಭಾವಗೀತೆಗಳನ್ನು ಹಾಡಿದರು. ಹಳೆಯ ಭಾವಗೀತೆ ಕೇಳಲು ಅಂಥ ಜನಸಾಗರ ಸೇರೀತೆಂದು ಯಾರು ಎಣಿಸಿದ್ದರು? ಆದರೆ ಇವರೆಲ್ಲ ದೊಡ್ಡವರು. ಅವರನ್ನು ನಿಲ್ಲಿಸುವ ಧೈರ್ಯ ನಮಗಿಲ್ಲ. ನಾವು ನಿಲ್ಲಿಸುವುದು ಮನೆಯವರನ್ನು, ನೆರೆಯವರನ್ನು, ಗುಡಿಯ ಮುಂದೆ ಹಾಡುವವರನ್ನು. ಹಾಡುವವನ ಕಂಠ ಸೋಲುವ ಮೊದಲೇ ಕೇಳುವವನ ತಾಳ್ಮೆ ಸೋಲುತ್ತದೆ; ತಪ್ಪನ್ನು ನಾವು ಕಂಠದ ಮೇಲೆ ಹೊರಿಸುತ್ತೇವೆ.

ಚಾರ್ಲಿ ವಾಟ್ಸ್ 2021ರಲ್ಲಿ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಜ್ಯಾಗರ್ 2019ರಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು, 2024ರಲ್ಲಿ ಎಂಬತ್ತರ ಪ್ರಾಯದಲ್ಲಿ ಅಮೆರಿಕದ ಊರೂರು ಸುತ್ತಿ ಹಾಡಿದನೆಂದು ಪತ್ರಿಕೆಗಳಲ್ಲಿ ಓದಿದೆ. ಸಾವಿಗೆ ಹೆದರಿ ಓಡುತ್ತಿದ್ದಾನೆಂದು ಕೆಲವರು ಹಾಸ್ಯ ಮಾಡುತ್ತಾರೆ. ಇರಬಹುದು. ಅಳಿವಿಲ್ಲದವನನ್ನೇ ಅರಸಿ ಉಡುತಡಿಯಿಂದ ಹೊರಟ ನಮ್ಮ ಅಕ್ಕನಿಗೂ ಈ ಅಳಿಯುವ ದೇಹದ ಅರಿವು ಇಲ್ಲದಿರಲಿಲ್ಲ. ಆ ಅರಿವಿನಿಂದ ಅವಳ ಬಾಯಿ ಕಟ್ಟಲಿಲ್ಲ, ವಚನ ಹುಟ್ಟಿತು.

ನನಗೀಗ ಅರವತ್ತೇಳು. ಈಚೆಗೆ ಒಂದು ಸಭೆಯಲ್ಲಿ ಮಾತನಾಡುತ್ತಿದ್ದಾಗ ಸಂಘಟಕರೊಬ್ಬರು ಚೀಟಿಯೊಂದನ್ನು ಮುಂದೆ ಸರಿಸಿದರು. 'ತಮಗೆ ಆಯಾಸವಾಗಬಾರದು' ಎಂದು ಬರೆದಿತ್ತು. ಆ ಮೃದುವಾದ ಭಾಷೆಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ನಗು ಬಂತು, ಮಾತು ಮುಗಿಸಿ ಕುಳಿತೆ.

ಕಳೆದ ದವನದ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಶಾಲೆಯ ಮಕ್ಕಳು ಹಾಡಿದ ಮೇಲೆ ಒಬ್ಬ ಅಜ್ಜಿ ಎದ್ದು ಬಂದರು. ಸ್ವರ ಅಲ್ಲಲ್ಲಿ ಹರಿಯಿತು. ಧ್ವನಿವರ್ಧಕದ ಹುಡುಗ ಗುಂಡಿಯ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದ. ಬೇಡವೆಂದು ಸನ್ನೆ ಮಾಡಿದೆ. ಅಜ್ಜಿಗೆ ಒಂದು ಸಾಲು ಮರೆತುಹೋಯಿತು. ಕುಳಿತಲ್ಲಿಂದಲೇ ಅದನ್ನು ಎತ್ತಿಕೊಟ್ಟೆ, ಅವರು ಮುಂದುವರಿಸಿದರು.